ಮ್ಯಾನೇಜರು ನಮ್ಮವರೇ

ಎರಡು ದೊಡ್ಡ ಪಿಜ್ಜಾಕ್ಕೆ ಒಬ್ಬ ಬಸ್ ಕಂಡಕ್ಟರನ ಒಂದೂವರೆ ದಿನದ ಸಂಬಳ ಬೇಕು. ಚೀಸ್ ಹೆಚ್ಚಿಗೆ ಬೇಕೆಂದರೆ ಇನ್ನೂ ಅರ್ಧ ದಿನ ದುಡಿಯಬೇಕು. ರಟ್ಟಿನ ಡಬ್ಬಿಗೆ ಬೇರೆ ದುಡ್ಡು. ತಿಂದಮೇಲೆ ಕಸಕ್ಕೆ ಹೋಗುವ ಡಬ್ಬಿಗೂ ದುಡ್ಡು ಕೇಳುವುದೆಂದರೆ, ಟಿಕೆಟ್ ಹರಿದುಕೊಟ್ಟಮೇಲೆ ಹರಿದ ಸದ್ದಿಗೂ ದುಡ್ಡು ಕೇಳಿದ ಹಾಗೆ. ಇಷ್ಟನ್ನೂ ರೈಟಣ್ಣ ಸಹಿಸಿಕೊಂಡಾನು. ಆದರೆ ಪಿಜ್ಜಾವನ್ನು ಅಂಗಡಿಯಿಂದ ಮನೆಗೆ ತಂದುಕೊಡುವುದಕ್ಕೆ ಕೇಳುವ ಹಣ ಇದೆಯಲ್ಲ, ಅದನ್ನು ಸಹಿಸುವುದು ಅವನ ವೃತ್ತಿಧರ್ಮಕ್ಕೇ ವಿರುದ್ಧ. ಆ ಹಣದಲ್ಲಿ ಒಂದು ಇಡೀ ಸಂಸಾರ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಜಗಳವಾಡಿ, ವಾಪಸ್ ಬರಬಹುದು. ಮನುಷ್ಯರಿಗಿಲ್ಲದ ದರ ಒಂದು ರೊಟ್ಟಿಗೆ ಯಾಕೆ? ಅದೂ ಕಿಟಕಿ ಸೀಟು ಕೇಳದ, ವಾಂತಿ ಮಾಡದ, ಸ್ಟಾಪಿಲ್ಲದ ಕಡೆ ಇಳಿಸಿ ಎನ್ನದ ರೊಟ್ಟಿಗೆ?

ರೈಟಣ್ಣ ಎನ್ನುವುದು ಅವನ ಹೆಸರಲ್ಲ. ಬಸ್ಸಿಗೆ ‘ರೈಟ್, ರೈಟ್’ ಹೇಳಿ ಹೇಳಿ ನಾಲಿಗೆಗೆ ಅದೇ ಗತಿ ಹಿಡಿದಿತ್ತು. ಕ್ಷೌರದವನು ಕತ್ತರಿ ಕೆಳಗಿಟ್ಟರೆ ರೈಟ್. ಮನೆ ಬಾಗಿಲ ಚಿಲಕ ಹಾಕಿದರೆ ರೈಟ್. ಮದುವೆಯ ರಿಜಿಸ್ಟರಿಗೆ ಹುಡುಗಿ ಸಹಿ ಹಾಕಿ ಮುಗಿಸಿದ್ದೇ ತಡ ‘ರೈಟ್!’ ಎಂದು ಕೂಗಿ, ಅಧಿಕಾರಿಯ ಪೆನ್ನು ಕೈಜಾರುವ ಹಾಗೆ ಮಾಡಿದವನು ಅವನು.

ಆ ಸಂಜೆ ಅವನ ಮನೆಗೆ ಹೆಂಡತಿಯ ಅಕ್ಕ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದರು. ಇದು ಸಾಮಾನ್ಯ ಊಟವಲ್ಲ. ಅಕ್ಕತಂಗಿಯರು ಮಾತುಬಿಟ್ಟು ಒಂದು ವರ್ಷದ ಮೇಲಾಗಿತ್ತು. ಕಾರಣ ಒಂದು ಕುಕ್ಕರ್. ಅಕ್ಕ ಕುಕ್ಕರನ್ನು ಕಡ ಒಯ್ದು, ಫಳಫಳ ತೊಳೆದು ಹಿಂದಿರುಗಿಸಿದ್ದಳು. ಆದರೆ ಮುಚ್ಚಳದ ಮೇಲೆ ಕೂತು ಕೂಗುವ ವೆಯ್ಟು ಮಾತ್ರ ಇರಲಿಲ್ಲ. ‘ವೆಯ್ಟ್ ಎಲ್ಲಕ್ಕ?’ ಎಂದಳು ತಂಗಿ. ‘ನೀನು ಕೊಡುವಾಗಲೇ ಇರಲಿಲ್ಲ’ ಎಂದಳು ಅಕ್ಕ. ವೆಯ್ಟು ಹೆಬ್ಬೆರಳಿನಷ್ಟು, ಜಗಳ ಆನೆಯಷ್ಟು. ಹೊಸದೊಂದನ್ನು ಕೊಂಡರೆ ಮುಗಿಯುತ್ತಿತ್ತು ನಿಜ. ಆದರೆ ಕೊಂಡವರು ಸೋತ ಹಾಗೆ. ಹೀಗಾಗಿ ಕುಕ್ಕರು ಅಟ್ಟದ ಮೇಲೆ ಬಾಯಿ ಕಟ್ಟಿಕೊಂಡು ಕೂತಿತ್ತು, ಅಕ್ಕತಂಗಿಯರೂ ಹಾಗೇ.

ಗಂಡಸರಿಬ್ಬರೂ ಒಳಗೊಳಗೇ ಸಂಧಾನ ನಡೆಸಿ ಈ ಊಟ ಏರ್ಪಡಿಸಿದ್ದರು. ‘ಈ ಸಲ ಅಕ್ಕ ಮುಖ ಊದಿಸಿಕೊಂಡು ಎದ್ದು ಹೋದಳು ಅಂದ್ರೆ ಮತ್ತೆ ಈ ಹೊಸಲು ತುಳಿಯಲ್ಲ ರೀ’ ಎಂದು ಹೆಂಡತಿ ಬೆಳಗ್ಗೆಯೇ ಎಚ್ಚರಿಕೆ ಕೊಟ್ಟಿದ್ದಳು. ರೈಟಣ್ಣ ರೈಟ್ ಎಂದಿದ್ದ.

ಅತಿಥಿಗಳು ಬಂದು ಕೂತರು. ಅಕ್ಕತಂಗಿಯರ ಮಾತುಕತೆ ಗಂಡಂದಿರ ಮೂಲಕ ನಡೆಯಿತು.

“ಭಾವ, ನಿಮ್ಮ ಹೆಂಡತಿಗೆ ಕುಡಿಯೋಕೆ ನೀರು ಬೇಕಾ ಕೇಳಿ.”

“ರೀ, ಬೇಡ ಅಂತ ಹೇಳಿ.”

“ಬೇಡವಂತೆ ಕಣಮ್ಮ,” ಎಂದ ಷಡ್ಡಕ. ಅವನು ನೆಲದ ಟೈಲ್ಸ್ ಮಾರುವವನು. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ ನಿಟ್ಟುಸಿರು ಬಿಟ್ಟು, ಆಮೇಲೆ ಮನೆಯವರ ಮುಖ ನೋಡುತ್ತಿದ್ದ.

ರೈಟಣ್ಣನಿಗೆ ಷಡ್ಡಕನ ಎದುರು ಏನಾದರೂ ದೊಡ್ಡದು ಮಾಡಿ ತೋರಿಸಬೇಕೆಂಬ ಆಸೆ ಹಳೆಯದು. “ಇವತ್ತು ಮನೆಯಲ್ಲಿ ಒಲೆ ಹಚ್ಚೋ ಹಾಗಿಲ್ಲ. ಪಿಜ್ಜಾ!” ಎಂದು ಘೋಷಿಸಿದ.

“ಒಳ್ಳೇದೇ ಆಯ್ತು,” ಎಂದು ಷಡ್ಡಕ ಫೋನ್ ತೆಗೆದ. “ಇಲ್ಲೇ ಒತ್ತಿದ್ರೆ ಮನೆ ಬಾಗಿಲಿಗೇ ಬರುತ್ತೆ.”

“ಒಳಗಿಡಿ ಭಾವ, ಫೋನು ಒಳಗಿಡಿ! ದುಡ್ಡು ಕೊಟ್ಟು ತರಿಸೋಕೆ ನಾವೇನು ಗುರುತು ಪರಿಚಯ ಇಲ್ಲದವರಾ? ಆ ಅಂಗಡಿ ಮ್ಯಾನೇಜರು ನಮ್ಮವರೇ. ದಿನಾ ನಮ್ಮ ಬಸ್ಸೇ. ನನ್ನ ಮುಖ ಕಂಡರೆ ಸಾಕು, ಒಲೆಯಿಂದ ನೇರ ಕೈಗೆ. ಹೀಗೆ ಹೋಗಿ ಹಾಗೆ ಬಂದೆ.”

ಸತ್ಯ ಹೇಳಬೇಕೆಂದರೆ, ಆ ಮ್ಯಾನೇಜರಿಗೂ ಅವನಿಗೂ ಇಷ್ಟು ವರ್ಷದಲ್ಲಿ ನಡೆದ ಸಂಭಾಷಣೆ ಎರಡೇ ಮಾತಿನದು. ಇವನು ‘ಟಿಕೆಟ್’ ಎನ್ನುತ್ತಿದ್ದ. ಅವರು ‘ಪಾಸ್’ ಎನ್ನುತ್ತಿದ್ದರು. ಆದರೆ ಸ್ನೇಹಗಳು ಇದಕ್ಕಿಂತ ಕಡಿಮೆ ಮಾತಿನಲ್ಲಿ ಬೆಳೆದಿವೆ ಎಂಬುದು ರೈಟಣ್ಣನ ನಂಬಿಕೆ.

ಹೆಂಡತಿ ಬಾಗಿಲವರೆಗೂ ಬಂದು ಪಿಸುಗುಟ್ಟಿದಳು. “ರೀ, ಯಾವುದಕ್ಕೂ ಇರಲಿ ಅಂತ ಕುಕ್ಕರಲ್ಲಿ ಏನಾದ್ರೂ—”

“ಶ್! ಅದರ ಹೆಸರು ಎತ್ತಬೇಡ ಮಾರಾಯ್ತಿ! ಹೋಗೋದು, ತರೋದು. ರೈಟ್!”

ಪಿಜ್ಜಾ ಅಂಗಡಿ ಹೊತ್ತಿ ಉರಿಯುತ್ತಿತ್ತು. ಅಂದರೆ ವ್ಯಾಪಾರದಲ್ಲಿ. ಒಳಗೆ ಒಂದು ಮೇಜೂ ಖಾಲಿಯಿರಲಿಲ್ಲ. ಪಾರ್ಸೆಲ್ ಕೌಂಟರಿನ ಮುಂದೆ ಜನ ಸಂಜೆಯ ಬಸ್ಸಿನಂತೆ ತುಂಬಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಒಂದು ಕಿವಿಗೆ ಫೋನು ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯನ್ನು ಜನರಿಗೆ ಕೊಟ್ಟು, ಎರಡೂ ಕೈಯಲ್ಲಿ ಡಬ್ಬಿ ಮಡಚುತ್ತಿದ್ದಳು. ಅವಳ ಹಿಂದೆ ಒಂದು ಉದ್ದನೆಯ ಸ್ಟೀಲ್ ಪಟ್ಟಿ. ಅದಕ್ಕೆ ಆರ್ಡರಿನ ಚೀಟಿಗಳನ್ನು ಸಾಲಾಗಿ ಸಿಕ್ಕಿಸಿದ್ದರು. ಒಲೆಯ ಹತ್ತಿರದ ತುದಿಯಿಂದ ಒಂದೊಂದೇ ಚೀಟಿ ಕಿತ್ತು ಒಳಗಿನವರು ಪಿಜ್ಜಾ ಹಾಕುತ್ತಿದ್ದರು.

ರೈಟಣ್ಣ ಎರಡು ದೊಡ್ಡ ಪಿಜ್ಜಾಕ್ಕೆ ದುಡ್ಡು ಕೊಟ್ಟ. ಅವನ ಚೀಟಿ ಸಾಲಿನ ನಡುವಿಗೆ ಹೋಗಿ ಕೂತಿತು.

“ಎಷ್ಟೊತ್ತಾಗುತ್ತಮ್ಮ?”

“ಎರಡೇ ನಿಮಿಷ ಸಾರ್.”

ಎರಡು ನಿಮಿಷ ಹೋಯಿತು. ಅದರ ಹಿಂದೆ ಅದರ ಅಣ್ಣತಮ್ಮಂದಿರೂ ಹೋದರು. ರೈಟಣ್ಣ ಮತ್ತೆ ಕೌಂಟರಿಗೆ ಮುಖ ತೂರಿಸಿದ.

“ಹಿಂದೇನೇ ಬರ್ತಾ ಇದೆ ಸಾರ್,” ಎಂದಳು ಹುಡುಗಿ, ತಲೆಯೆತ್ತದೆ.

ರೈಟಣ್ಣ ಬೆಚ್ಚಿಬಿದ್ದ. ಈ ಮಾತನ್ನು ಅವನು ಎಲ್ಲೋ ಕೇಳಿದ್ದ. ಎಲ್ಲೋ ಏನು, ದಿನಕ್ಕೆ ನೂರು ಸಲ ತಾನೇ ಹೇಳುತ್ತಿದ್ದ! ಫುಟ್‌ಬೋರ್ಡಿಗೆ ಜೋತುಬಿದ್ದವರನ್ನು ಇಳಿಸುತ್ತಾ ‘ಹಿಂದೇನೇ ಇನ್ನೊಂದು ಬಸ್ ಬರ್ತಾ ಇದೆ, ಪೂರಾ ಖಾಲಿ’ ಎಂದು ಅವನು ಕೊಟ್ಟ ಭರವಸೆಗಳ ಬಸ್ಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಊರಿನ ರಸ್ತೆ ಸಾಲುತ್ತಿರಲಿಲ್ಲ. ಅಂಥ ಬಸ್ಸು ಒಂದೂ ಬಂದದ್ದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಯಾರಿದು? ಕಂಡಕ್ಟ್ರಾ?” ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. ದಿನಾ ಬೆಳಗಿನ ಬಸ್ಸಿಗೆ ಬರುವ ಟೈಲರಮ್ಮ. “ಯೂನಿಫಾರಂ ಇಲ್ಲದೆ ಗುರುತೇ ಸಿಗಲಿಲ್ಲ ನೋಡಿ. ನೀವೂ ನಿಂತಿದ್ದೀರಾ?”

“ನಿಲ್ಲೋದೆಲ್ಲಿ ಬಂತಮ್ಮ, ಸುಮ್ಮನೆ ಹೀಗೆ...”

“ಒಳಗೆ ಹೋಗಿ, ಒಳಗೆ ಹೋಗಿ! ಮುಂದೆ ಎಲ್ಲ ಖಾಲಿ ಇದೆ!” ಎಂದು ಟೈಲರಮ್ಮ ಅವನ ದನಿಯಲ್ಲೇ ಕೂಗಿದಳು. ಸುತ್ತಲಿದ್ದ ಮೂರ್ನಾಲ್ಕು ಜನ ನಕ್ಕರು. ನಕ್ಕವರೆಲ್ಲ ಅವನ ಬಸ್ಸಿನವರೇ.

ಮಾನ ಉಳಿಸಿಕೊಳ್ಳಲು ರೈಟಣ್ಣ ಬತ್ತಳಿಕೆಯಿಂದ ಕೊನೆಯ ಬಾಣ ತೆಗೆದ. ಕೌಂಟರಿನತ್ತ ಬಾಗಿ, ಟೈಲರಮ್ಮನಿಗೂ ಕೇಳುವಷ್ಟು ಮೆಲ್ಲಗೆ ಹೇಳಿದ. “ನೋಡಮ್ಮ, ನಾನು ಮ್ಯಾನೇಜರಿಗೆ ಬೇಕಾದವನು. ನಮ್ಮವರು ಅವರು.”

ಹುಡುಗಿಯ ಮುಖ ಅರಳಿತು. “ಅಯ್ಯೋ, ನಮ್ಮ ಸಾರ್ ಕಡೆಯವರಾ? ಮೊದಲೇ ಹೇಳಬಾರದಾ!” ಎಂದವಳೇ ಸಾಲಿನ ನಡುವಿದ್ದ ಅವನ ಚೀಟಿಯನ್ನು ಕಿತ್ತು, ಪಟ್ಟಿಯ ಆಚೆ ತುದಿಗೆ, ಉಳಿದೆಲ್ಲ ಚೀಟಿಗಳಿಂದ ದೂರ, ಒಂಟಿಯಾಗಿ ಸಿಕ್ಕಿಸಿದಳು. ಅದರ ಮೇಲೆ ಒಂದು ಕೆಂಪು ಗೀಟನ್ನೂ ಎಳೆದಳು.

ರೈಟಣ್ಣ ಹಿಂತಿರುಗಿ ಟೈಲರಮ್ಮನನ್ನು ನೋಡಿದ. ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ. ಪ್ರತ್ಯೇಕ ಜಾಗ, ಕೆಂಪು ಗುರುತು. ಇದಕ್ಕಿಂತ ಮರ್ಯಾದೆ ಏನಿದೆ? ದೊಡ್ಡವರ ಕಾರಿಗೆ ಕೆಂಪು ದೀಪ ಇದ್ದ ಹಾಗೆ.

ಟೈಲರಮ್ಮನ ಪಿಜ್ಜಾ ಬಂತು. “ಬರ್ತೀನಿ ಕಂಡಕ್ಟ್ರೇ. ನಿಮ್ಮದೂ ಹಿಂದೇನೇ ಬರುತ್ತೆ. ಪೂರಾ ಖಾಲಿ ಇರುತ್ತೆ!” ಎಂದು ಹೋದಳು. ಅವಳ ನಂತರ ಬಂದವರದೂ ಬಂತು. ಆಮೇಲೆ ಮೋಟರ್ ಬೈಕಿನಲ್ಲಿ ಬಂದು, ಎಂಜಿನ್ ಕೂಡ ಆರಿಸದೆ ‘ಎಷ್ಟೊತ್ತು ರೀ!’ ಎಂದು ಅಬ್ಬರಿಸಿದವನೊಬ್ಬನದು ಎಲ್ಲರಿಗಿಂತ ಮೊದಲು ಬಂತು.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಷಡ್ಡಕ.

“ಎಲ್ಲಿದ್ದೀಯಯ್ಯಾ? ಗೋಧಿ ಬಿತ್ತಿಸ್ತಾ ಇದ್ದೀಯಾ?”

“ಹಿಂದೇನೇ ಬರ್ತಾ ಇದೆ ಭಾವ.”

“ಏನು ಹಿಂದೆ? ಇಲ್ಲಿ ಹೆಂಗಸರು ಇಬ್ಬರೂ ಗೋಡೆ ನೋಡ್ತಾ ಕೂತಿದ್ದಾರೆ. ನಾನು ನಿಮ್ಮ ನೆಲ ನೋಡ್ತಾ ಕೂತಿದ್ದೀನಿ. ಎಲ್ಲಾ ಕಡೆ ಬಿರುಕು ಬಿಟ್ಟಿದೆ.”

ಆಗಲೇ ಒಳಗಿನಿಂದ ಮ್ಯಾನೇಜರು ಹೊರಬಂದರು. ಮೀಸೆಯ ಮೇಲೆ ಹಿಟ್ಟು ಕೂತಿತ್ತು. “ಭಾವ, ಮ್ಯಾನೇಜರೇ ಬಂದ್ರು ನನ್ನನ್ನ ನೋಡೋಕೆ, ಇಡ್ತೀನಿ!” ಎಂದು ರೈಟಣ್ಣ ಫೋನ್ ಇಟ್ಟು, ಜನರ ನಡುವೆ ಈಜಿದ.

“ನಮಸ್ಕಾರ ಸಾರ್! ಗುರುತು ಸಿಕ್ತಾ?”

ಮ್ಯಾನೇಜರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಸಿಗಲಿಲ್ಲ. ಹೂವಿನ ಚಿತ್ರದ ಅಂಗಿಯಲ್ಲಿ ಯಾರಿಗೆ ತಾನೇ ಗುರುತು ಸಿಕ್ಕೀತು? ರೈಟಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. ಎದೆಯುಬ್ಬಿಸಿ, ಎರಡು ಬೆರಳು ಚಿಟಿಕೆ ಹೊಡೆದು, ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವ ದನಿಯಲ್ಲಿ ಕೂಗಿದ:

“ಟಿಕೆಟ್! ಟಿಕೆಟ್! ಯಾರ್ರೀ ಟಿಕೆಟ್!”

ಅಂಗಡಿಯಲ್ಲಿದ್ದ ಅರ್ಧಕ್ಕರ್ಧ ಜನರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಮೂಲೆಯ ಮೇಜಿನಲ್ಲಿ ಕೂತಿದ್ದ ಒಬ್ಬ ಯುವಕ ಪಿಜ್ಜಾ ತುಂಡನ್ನು ಬಾಯಲ್ಲೇ ಇಟ್ಟುಕೊಂಡು ಎದ್ದು ಹಿಂಬಾಗಿಲಿನತ್ತ ಎರಡು ಹೆಜ್ಜೆ ಹಾಕಿ, ಆಮೇಲೆ ತಾನೆಲ್ಲಿದ್ದೇನೆಂದು ನೆನಪಾಗಿ ಕೂತ. ಮ್ಯಾನೇಜರ ಕೈಯೂ ಎದೆಯ ಜೇಬಿಗೆ ಹೋಗಿ, ಬಾಯಿ “ಪಾಸ್” ಎಂದುಬಿಟ್ಟಿತ್ತು.

“ಓಹೋಹೋ! ನೀವಾ!” ಎಂದು ಅವರು ಹಿಟ್ಟಿನ ಕೈಯಲ್ಲೇ ಅವನ ಕೈ ಹಿಡಿದು ಕುಲುಕಿದರು. “ದಿನಾ ನೋಡೋ ಮುಖ! ನೀವು ಬಿಡ್ರೀ, ಮನೆಯವರಿದ್ದ ಹಾಗೆ. ಏಯ್, ಸಾರಿಗೆ ಕುರ್ಚಿ ಕೊಡ್ರಪ್ಪ! ನೀರು ಕೊಡಿ! ಇವರದು ನಾನೇ ನೋಡ್ಕೋತೀನಿ, ನನ್ನ ಕೈಯಾರೆ ಹಾಕ್ತೀನಿ.”

ಪಾರ್ಸೆಲ್ ಕೌಂಟರಿನ ಬಳಿ ಕುರ್ಚಿ ಎಂಬುದೇ ಇರಲಿಲ್ಲ. ಅಡುಗೆಮನೆಯಿಂದ ಒಂದು ಬಂತು. ರೈಟಣ್ಣ ಅದರ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿ, ನಿಂತಿದ್ದವರನ್ನೆಲ್ಲ ಸೀಟು ಸಿಕ್ಕಿದವನು ನಿಂತವರನ್ನು ನೋಡುವ ಕನಿಕರದಿಂದ ನೋಡಿದ. ಜೀವಮಾನವೆಲ್ಲ ನಿಂತೇ ದುಡಿದವನಿಗೆ ಆ ಕುರ್ಚಿ ಎಷ್ಟು ಹಿತವಾಗಿತ್ತೆಂದರೆ, ತಾನು ಬಂದ ಕೆಲಸವೇ ಸ್ವಲ್ಪ ಹೊತ್ತು ಮರೆತುಹೋಯಿತು.

ಆದರೆ ಕನಿಕರಕ್ಕೂ ಒಂದು ಮಿತಿಯಿದೆ. ನಿಂತವರೆಲ್ಲ ಡಬ್ಬಿ ಹಿಡಿದು ಹೋಗುತ್ತಿದ್ದರು, ಕೂತವನು ಕೂತೇ ಇದ್ದ. ಅವನ ಚೀಟಿ ತುದಿಯಲ್ಲಿ ಫ್ಯಾನಿನ ಗಾಳಿಗೆ ಒಂಟಿಯಾಗಿ ಅಲ್ಲಾಡುತ್ತಿತ್ತು.

ಅಷ್ಟರಲ್ಲಿ ಡೆಲಿವರಿಯವನು ಕೌಂಟರಿಗೆ ಬಂದು, ಫೋನ್ ನೋಡಿ ಓದಿದ. “ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟು, ಎರಡನೇ ಮಹಡಿ. ಎರಡು ದೊಡ್ಡ ಪಿಜ್ಜಾ. ಇದು ಆಯ್ತಾ?”

“ಈಗ ಒಲೆಗೆ ಹೋಗ್ತಾ ಇದೆ,” ಎಂದಳು ಹುಡುಗಿ.

ನೀರಿನ ಟ್ಯಾಂಕಿನ ಹಿಂದಿನ ಬೀದಿ. ಹಸಿರು ಗೇಟು. ಎರಡನೇ ಮಹಡಿ. ಆ ಗೇಟಿಗೆ ಬಣ್ಣ ಬಳಿದವನೇ ರೈಟಣ್ಣ! ಷಡ್ಡಕ ಅವನ ಬೆನ್ನ ಹಿಂದೆ ಫೋನ್ ಒತ್ತಿಬಿಟ್ಟಿದ್ದ. ಈಗ ಆ ಪಿಜ್ಜಾ ಇವನಿಗಿಂತ ಮೊದಲು ಮನೆ ಸೇರಿದರೆ? ಷಡ್ಡಕ ಬದುಕಿರುವವರೆಗೆ, ಅವನು ಹೋದಮೇಲೆ ಅವನ ಮಕ್ಕಳು, ‘ಮ್ಯಾನೇಜರು ನಮ್ಮವರೇ’ ಎಂದು ಆಡಿಕೊಂಡು ನಗುತ್ತಾರೆ.

ರೈಟಣ್ಣ ಕುರ್ಚಿಯಿಂದ ಚಿಮ್ಮಿದ. “ಹೋಲ್ಡಾನ್! ಹೋಲ್ಡಾನ್! ಅದೂ ನಮ್ಮದೇ! ನಮ್ಮ ಮನೇದೇ! ನೀವು ಹೋಗೋದು ಬೇಡಪ್ಪ, ನಾನೇ ಒಟ್ಟಿಗೆ ತಗೊಂಡು ಹೋಗ್ತೀನಿ.”

“ನಂಗೇನು ಸಾರ್, ಒಂದು ಟ್ರಿಪ್ ಉಳೀತು,” ಎಂದ ಡೆಲಿವರಿಯವನು.

ಹುಡುಗಿ ಕಣ್ಣರಳಿಸಿದಳು. “ಅದೂ ನಿಮ್ಮದೇನಾ? ಅದೂ ನಮ್ಮ ಸಾರ್ ಕಡೆಯವರದಾ? ಅಯ್ಯೋ, ಮೊದಲೇ ಹೇಳಬಾರದಾ!” ಅವಳು ಒಳಗೆ ಕೂಗಿದಳು. ಒಲೆಯ ಬಾಯಿಗೆ ಹೋಗಿದ್ದ ಆ ಎರಡು ಪಿಜ್ಜಾ ಬೇರೆ ಯಾರದೋ ಹೆಸರಿಗೆ ಹೋದವು. ಷಡ್ಡಕನ ಚೀಟಿ ಕೆಂಪು ಗೀಟು ಎಳೆಸಿಕೊಂಡು ರೈಟಣ್ಣನ ಚೀಟಿಯ ಪಕ್ಕದಲ್ಲಿ ಬಂದು ಕೂತಿತು.

ರೈಟಣ್ಣ ನೆಮ್ಮದಿಯಿಂದ ಮತ್ತೆ ಕುರ್ಚಿಗೆ ಒರಗಿದ. ಎರಡು ಚೀಟಿಗೂ ಮರ್ಯಾದೆ ಸಿಕ್ಕಿತಲ್ಲ!

ಮತ್ತೆ ಫೋನ್. ಈ ಸಲ ಹೆಂಡತಿ. “ರೀ, ಬದುಕಿದ್ದೀರಾ? ಭಾವ ತರಿಸಿದ್ದೂ ಬರಲಿಲ್ಲ, ನೀವೂ ಬರಲಿಲ್ಲ. ಏನು ಆ ಅಂಗಡಿಗೆ ಬೀಗ ಹಾಕಿದ್ದಾರಾ?”

ಹಿಂದಿನಿಂದ ಅತ್ತಿಗೆಯ ದನಿ. “ಎಲ್ಲಿ ಹಾಳಾಗಿ ಹೋದ ಅಂತ ಕೇಳೇ ನಿನ್ನ ಗಂಡನ್ನ!”

“ಕೇಳ್ತಾ ಇದ್ದೀನಲ್ಲ ಅಕ್ಕ!”

“ನೀನು ಹಾಗೆ ಮೆತ್ತಗೆ ಕೇಳಿದ್ರೆ ಆಗಲ್ಲ, ಕೊಡಿಲ್ಲಿ ನಂಗೆ!”

ರೈಟಣ್ಣ ಫೋನ್ ಕಟ್ ಮಾಡಿದ. ಅವನಿಗೆ ಕೇಳಿಸಿದ್ದು ಬೈಗುಳ ಮಾತ್ರ. ಒಂದು ವರ್ಷದಿಂದ ಮಾತಾಡದ ಇಬ್ಬರೂ, ನಡುವೆ ಗಂಡಂದಿರಿಲ್ಲದೆ, ಮಾತಾಡಿದ್ದರು ಎಂಬುದು, ಪಾಪ, ಆ ಗಾಬರಿಯಲ್ಲಿ ಅವನ ಕಿವಿಗೆ ಬೀಳಲೇ ಇಲ್ಲ.

ಕೊನೆಗೂ ಅಂಗಡಿಯ ಗದ್ದಲ ಇಳಿಯಿತು. ಮೇಜುಗಳು ಖಾಲಿಯಾದವು. ಪಟ್ಟಿಯ ಮೇಲೆ ಕೆಂಪು ಗೀಟಿನ ಎರಡು ಚೀಟಿ ಬಿಟ್ಟು ಏನೂ ಉಳಿಯಲಿಲ್ಲ. ಮ್ಯಾನೇಜರು ಕೈ ಒರೆಸಿಕೊಳ್ಳುತ್ತಾ ಬಂದು, “ಹಾಂ, ಈಗ ನಮ್ಮವರದು ಹಾಕ್ರಪ್ಪ!” ಎಂದರು.

“ಈಗ ಹಾಕೋದಾ?” ರೈಟಣ್ಣನ ಕಾಲು ಕಾಲ ಮೇಲಿಂದ ಕೆಳಗಿಳಿಯಿತು.

“ಮತ್ತೆ? ನಮ್ಮ ಅಂಗಡಿ ಕ್ರಮಾನೇ ಅದು ಸಾರ್. ಜನ ಜಾಸ್ತಿ ಆದಾಗ ಗುರುತಿಲ್ಲದವರದು ಮೊದಲು. ಅವರು ಕಾಯಲ್ಲ, ಕಿರುಚ್ತಾರೆ, ಇನ್ನೊಂದು ಸಲ ಈ ಕಡೆ ತಲೆ ಹಾಕಲ್ಲ. ನಮ್ಮವರಾದ್ರೆ ಅರ್ಥ ಮಾಡ್ಕೋತಾರೆ. ಅವರದು ಕೊನೆಗೆ, ಆರಾಮಾಗಿ. ನನ್ನ ಹೆಂಡತಿ ಇಲ್ಲಿಗೆ ಬಂದ್ರೂ ಇದೇ. ಅದಕ್ಕೇ ಅವಳು ಬರೋದು ಬಿಟ್ಟಳು.” ಮ್ಯಾನೇಜರು ಅವನ ಭುಜ ತಟ್ಟಿದರು. “ನೀವು ಮಾತ್ರ ಬಂಗಾರದಂಥ ಮನುಷ್ಯ. ಒಂದೇ ಒಂದು ಸಲ ಬೈಯಲಿಲ್ಲ.”

ರೈಟಣ್ಣ ಬಾಯಿ ತೆರೆದ. ಬೈಯಬೇಕೆನ್ನಿಸಿತು. ಆದರೆ ಈಗ ಬೈದರೆ ಬಂಗಾರ ಹಿತ್ತಾಳೆಯಾಗುತ್ತಿತ್ತು. ಬಾಯಿ ಮುಚ್ಚಿದ. ಸುಮ್ಮನೆ ನಿಂತಿದ್ದರೆ ಟೈಲರಮ್ಮನ ಹಿಂದೆಯೇ ಮನೆ ಸೇರುತ್ತಿದ್ದ. ‘ನಮ್ಮವರು’ ಎಂದ ಪ್ರತಿ ಸಲವೂ ಒಂದೊಂದು ಸ್ಟಾಪು ಹಿಂದಕ್ಕೆ ಹೋಗಿ, ಷಡ್ಡಕನನ್ನೂ ಕೈಹಿಡಿದು ಹಿಂದಕ್ಕೆ ಎಳೆದುಕೊಂಡು ಹೋಗಿದ್ದ.

ನಾಲ್ಕು ಡಬ್ಬಿಗಳು ಗಲ್ಲದವರೆಗೆ. ಮೇಲಿನ ಡಬ್ಬಿಯನ್ನು ಗಲ್ಲದಲ್ಲೇ ಒತ್ತಿಹಿಡಿದು ರೈಟಣ್ಣ ಮನೆಯ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಅತ್ತಿಗೆಯ ಚಪ್ಪಲಿ ಇಲ್ಲದಿದ್ದರೆ ಏನು ಗತಿ ಎಂಬುದೊಂದೇ ಯೋಚನೆ. ಎರಡನೇ ಮಹಡಿಗೆ ಇನ್ನೇನು ಕಾಲಿಡಬೇಕು, ಒಳಗಿನಿಂದ ಒಂದು ಸದ್ದು ಬಂತು.

ಸ್‌ಸ್‌ಸ್‌ಸ್... ಕೂ!

ಅವನು ವೃತ್ತಿಯ ಅಭ್ಯಾಸದಿಂದ ಗಕ್ಕನೆ ನಿಂತ. ಅದು ಕುಕ್ಕರಿನ ಕೂಗು. ವೆಯ್ಟಿಲ್ಲದ ಕುಕ್ಕರು ಹೇಗೆ ಕೂಗಿತು? ಬಾಗಿಲಲ್ಲಿ ಚಪ್ಪಲಿಗಳು ಇದ್ದವು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಷಡ್ಡಕ ಒಂದು ತಟ್ಟೆ ಬೇಯಿಸಿದ ಆಲೂಗಡ್ಡೆಯನ್ನು ಆಗಲೇ ಮುಗಿಸಿ, ಎರಡನೆಯದಕ್ಕೆ ಕಾಯುತ್ತಿದ್ದ.

“ಬಂದ್ರು ನೋಡು ಮ್ಯಾನೇಜರ ಕಡೆಯವರು!” ಎಂದಳು ಅತ್ತಿಗೆ.

“ಇವರನ್ನ ಪಿಜ್ಜಾಕ್ಕೆ ಕಳಿಸಿದ್ದು ನಂದೇ ತಪ್ಪು ಅಕ್ಕ!”

“ನಿಂದಲ್ಲ ಕಣೇ, ಇಂಥವರನ್ನ ಹುಡುಕಿ ನಿಂಗೆ ಕಟ್ಟಿದ್ದು ನಮ್ಮ ಅಪ್ಪನ ತಪ್ಪು!”

ಇಬ್ಬರೂ ಒಟ್ಟಿಗೆ ನಕ್ಕರು. ಷಡ್ಡಕ ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. “ಹಸಿವು ತಡೀಲಿಕ್ಕಾಗದೆ ನಾನೇ ಅಂದೆ, ಏನಾದ್ರೂ ಬೇಯಿಸಿ ಅಂತ. ನಿನ್ನ ಹೆಂಡತಿ ಅಟ್ಟದಿಂದ ಕುಕ್ಕರ್ ಇಳಿಸಿದಳು. ಇಳಿಸಿ ಬರೀ ಮುಚ್ಚಳ ನೋಡಿದಳು. ಇವಳೂ ಅದನ್ನೇ ನೋಡಿದಳು. ನಂಗೆ ಜೀವ ಹೋಯ್ತು ಅಂದ್ಕೋ. ಆಮೇಲೆ ಇವಳು ಬ್ಯಾಗ್ ತೆಗೆದು, ಅದರಿಂದ ವೆಯ್ಟ್ ತೆಗೆದು, ಮುಚ್ಚಳದ ಮೇಲೆ ಇಟ್ಟಳಯ್ಯಾ! ಹೋದ ತಿಂಗಳು ನಮ್ಮ ಒಲೆ ಕೆಳಗೆ ಸಿಕ್ಕಿತ್ತಂತೆ. ಕೊಡೋದು ಹೇಗೆ ಅಂತ ಬ್ಯಾಗಲ್ಲೇ ಇಟ್ಕೊಂಡು ಓಡಾಡ್ತಿದ್ದಳಂತೆ. ನನಗೂ ಹೇಳಿಲ್ಲ.”

“ನಮ್ಮವಳು ಏನಂದಳು?”

“‘ಅಕ್ಕ, ಉಪ್ಪು ಎಷ್ಟು ಹಾಕಲಿ’ ಅಂದಳು. ಅಷ್ಟೇ. ಅಲ್ಲಿಂದ ಇಬ್ಬರೂ ಸೇರಿ ನಿನ್ನನ್ನ ಬೈತಾ ಇದ್ದಾರೆ, ಉಸಿರು ತಗೊಳ್ಳೋಕೂ ನಿಲ್ಲಿಸಿಲ್ಲ.” ಷಡ್ಡಕ ಡಬ್ಬಿಗಳ ಕಡೆ ನೋಡಿದ. “ಅದಿರಲಿ, ನನ್ನ ಆರ್ಡರು ನಿನ್ನ ಕೈಗೆ ಹೇಗೆ ಬಂತು?”

ರೈಟಣ್ಣ ಎದೆಯುಬ್ಬಿಸಿದ. “ಮ್ಯಾನೇಜರು ನಮ್ಮವರು ಅಂತ ಮೊದಲೇ ಹೇಳಲಿಲ್ವಾ ಭಾವ?”

ಮರುದಿನ ಬೆಳಗ್ಗೆ ಬಸ್ಸು ಹೊರಡುವ ಹೊತ್ತಿಗೆ ಮ್ಯಾನೇಜರು ಏದುಸಿರು ಬಿಡುತ್ತಾ ಓಡಿಬಂದರು. ರೈಟಣ್ಣ ಹೋಲ್ಡಾನ್ ಎಂದು ಬಸ್ಸು ನಿಲ್ಲಿಸಿ, ಕೈಕೊಟ್ಟು ಹತ್ತಿಸಿಕೊಂಡ. ಒಂದೇ ಒಂದು ಸೀಟು ಖಾಲಿ ಇತ್ತು. ಮ್ಯಾನೇಜರು ಅದರತ್ತ ಹೆಜ್ಜೆ ಹಾಕಿದಾಗ ರೈಟಣ್ಣ ನಡುವೆ ಕೈ ಅಡ್ಡ ಹಿಡಿದ.

“ಸ್ವಲ್ಪ ನಿಲ್ಲಿ ಸಾರ್. ಗುರುತಿಲ್ಲದವರು ಮೊದಲು ಕೂತ್ಕೊಳ್ಳಲಿ. ಅವರು ಕಿರುಚ್ತಾರೆ. ನೀವು ನಮ್ಮವರು, ಅರ್ಥ ಮಾಡ್ಕೋತೀರಿ.”

ಮುಂದಿನ ಸೀಟಿನಿಂದ ಟೈಲರಮ್ಮ ಬಸ್ಸೆಲ್ಲ ಕೇಳುವ ಹಾಗೆ ನಕ್ಕಳು. ಮ್ಯಾನೇಜರೂ ನಕ್ಕರು, ಮತ್ತು ಕೊನೆಯ ಸ್ಟಾಪಿನವರೆಗೆ ನಿಂತೇ ಹೋದರು.

ಒಟ್ಟಿನಲ್ಲಿ, ಡೆಲಿವರಿಯ ಹಣ ಉಳಿಸಲು ಹೋದ ರೈಟಣ್ಣನ ಮನೆಗೆ ಅದು ಉಳಿಯಲಿಲ್ಲ. ಷಡ್ಡಕ ಕಟ್ಟಿದ್ದ ಡೆಲಿವರಿ ಹಣಕ್ಕೆ ರೈಟಣ್ಣನೇ ಬಿಟ್ಟಿ ಕೂಲಿಯಾದ. ನಾಲ್ಕು ಪಿಜ್ಜಾದಲ್ಲಿ ಮೂರು ಮರುದಿನ ತಣ್ಣಗೆ ತಿಂದದ್ದಾಯಿತು, ಒಂದು ಪಕ್ಕದ ಮನೆಗೆ ಹೋಯಿತು. ಮನೆಗೆ ಬಂದದ್ದು ಒಂದು ಕುಕ್ಕರ್ ವೆಯ್ಟು. ಅದರ ಹಿಂದೆಯೇ ಅಕ್ಕನೂ ಬಂದಳು. ಈಗ ವಾರವಾರವೂ ಬರುತ್ತಾಳೆ.